ಹಾಳೆ ತಟ್ಟೆಯ ರೆಕ್ಕೆಗಳು

ಅಡುಗೆಮನೆಯ ಹಿಂದಿನ ಕೋಣೆ ನನಗೆ ಬೇಕಿತ್ತು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಕುಪ್ಪಗಡ್ಡೆಗೆ ಮರಳಿ, ಆನವಟ್ಟಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದೆ. ಮನೆಯಲ್ಲಿ ನನ್ನ ಪುಸ್ತಕ, ಅಂಟು, ಕತ್ತರಿಗಳೆಲ್ಲ ನಡುಮನೆಯ ಮೂಲೆಯಲ್ಲಿದ್ದವು. ಬಂದವರು ಎತ್ತಿ ನೋಡಿ, ಇದೇನೆಂದು ಕೇಳಿ, ಬೇರೆಲ್ಲೋ ಇಡುತ್ತಿದ್ದರು. ಬಾಗಿಲು ಹಾಕಿಕೊಳ್ಳಬಹುದಾದ ಜಾಗ ಬೇಕೆಂದು ಬಾಯಿಬಿಟ್ಟು ಕೇಳುವುದು ನನ್ನಂಥವಳಿಗೆ ಸುಲಭವಲ್ಲ. ಕೇಳಿದೆ. ಆದರೆ ಅಪ್ಪ ಆ ಕೋಣೆಯನ್ನು ಆಗಲೇ ಎರಡನೆಯ ಮಶೀನಿಗೆಂದು ಗೊತ್ತುಮಾಡಿದ್ದರು. ಅಡಿಕೆ ಹಾಳೆಯನ್ನು ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿ ಊಟದ ತಟ್ಟೆ ಮಾಡುವುದು ನಮ್ಮ ಮನೆಯ ಕಸುಬು.

ಆಗ ನಾನು ಕಟ್ಟುತ್ತಿದ್ದುದು ನೀರಿನ ರಾಕೆಟ್. ಪ್ಲಾಸ್ಟಿಕ್ ಸೋಡಾ ಬಾಟಲಿಗೆ ಸ್ವಲ್ಪ ನೀರು ಹಾಕಿ, ಸೈಕಲ್ ಪಂಪಿನಿಂದ ಗಾಳಿ ತುಂಬಿ ಬಿಟ್ಟರೆ ನೀರು ಕೆಳಕ್ಕೆ ಚಿಮ್ಮುತ್ತದೆ, ಬಾಟಲಿ ಮೇಲಕ್ಕೇರುತ್ತದೆ. ಕೆಳಗೆ ಸುತ್ತಲೂ ಅಡಿಕೆ ಹಾಳೆಯ ಮೂರು ರೆಕ್ಕೆ, ತುದಿಯಲ್ಲಿ ಸಡಿಲವಾಗಿ ಕೂತ ಟೊಪ್ಪಿಗೆ, ಅದರೊಳಗೆ ಹಳೆಯ ಕೊಡೆಯ ಬಟ್ಟೆಯ ಪ್ಯಾರಾಚೂಟು.

ಅದನ್ನೇ ತೋರಿಸಿ ಅಪ್ಪ, ಆಟಕ್ಕೆ ಕೋಣೆ ಯಾಕೆ ಅಂದರು. ಆಟವಲ್ಲ, ಲೆಕ್ಕ ಹಾಕಿ ಕಟ್ಟಿದ್ದು ಅಂದೆ. ಅವರು ವ್ಯಾಪಾರ ಕುದುರಿಸುವ ದನಿ ತೆಗೆದರು.

"ನೆಟ್ಟಗೆ ಮೇಲೆ ಹೋಗಿ, ಮುರೀದೆ ಕೆಳಗೆ ಬರ್ಲಿ, ಕೋಣೆ ನಿಂದು. ಇಲ್ದಿದ್ರೆ ಭಾನುವಾರ ಮಶೀನು ಒಳಗೆ."

ಅಪ್ಪ ಸೊರಬಕ್ಕೆ ಹೋಗಿದ್ದ ದಿನ ಮನೆಯ ಹಿಂದಿನ ಕೊಯ್ಲಾದ ಗದ್ದೆಯಲ್ಲಿ ಹಾರಿಸಿ ನೋಡಿದೆ. ರಾಕೆಟ್ ಗಿರಗಿರನೆ ಸುತ್ತುತ್ತಾ ಏರಿತು. ಪ್ಯಾರಾಚೂಟಿನ ದಾರ ಬಾಟಲಿಗೇ ಸುತ್ತಿಕೊಂಡು, ಮೂತಿ ಕೆಳಗಾಗಿ ಕೂಳೆಗೆ ಬಿತ್ತು. ಹಿತ್ತಲ ಕಟ್ಟೆಯ ಮೇಲೆ ಕೂತಿದ್ದ ಅಜ್ಜಿ, ತಲೆ ತಿರುಗಿದ ಕೋಳಿ ಹಂಗೆ ಬಿತ್ತಲ್ಲೇ ಅಂದರು. ಬಾಟಲಿ ಒಡೆದಿರಲಿಲ್ಲ, ಅಷ್ಟೇ ಸಮಾಧಾನ.

ರೆಕ್ಕೆಗಳಿಗೆ ಅಡಿಪಟ್ಟಿ ಇಟ್ಟು ನೋಡಿದೆ. ಮೂರೂ ಒಂದೇ ಕಡೆಗೆ ಬಾಗಿದ್ದವು, ಫ್ಯಾನಿನ ರೆಕ್ಕೆಗಳಂತೆ. ನಮ್ಮ ಮನೆಯಲ್ಲಿ ಹಾಳೆಯನ್ನು ನೆನೆಸದೆ ಯಾರೂ ಕತ್ತರಿಸುವುದಿಲ್ಲ. ನಾನೂ ಯೋಚಿಸದೆ ನೆನೆಸಿ, ಕತ್ತರಿಸಿ, ಬಿಸಿಲಿಗಿಟ್ಟಿದ್ದೆ. ಅಚ್ಚಿನ ಭಾರವಿಲ್ಲದೆ ಒಣಗಿದ ಹಾಳೆ ತನಗೆ ಬೇಕಾದಂತೆ ಮುರುಟಿತ್ತು.

ಹಾಗಾದರೆ ಅಚ್ಚಿನಲ್ಲೇ ಒಣಗಿದ್ದು ಬೇಕು. ಮದುವೆ ಊಟಕ್ಕೆಂದು ಕಟ್ಟಿಟ್ಟಿದ್ದ ಚೌಕ ತಟ್ಟೆಗಳ ಅಡಿಭಾಗ ಹಲಗೆಯಷ್ಟು ಸಮನಾಗಿತ್ತು. ನಾನು ಆ ಕಟ್ಟು ಬಿಚ್ಚಹೋದದ್ದನ್ನು ಅಮ್ಮ ನೋಡಿದರು. ಅಂಚು ಸೀಳಿದ್ದೆಂದು ಬದಿಗಿಟ್ಟ ಎರಡು ತಟ್ಟೆಗಳನ್ನು ನನ್ನತ್ತ ಸರಿಸಿದರು. ಅವುಗಳ ನಡುಭಾಗ ಕತ್ತರಿಸಿ, ವಾರ್ನಿಶ್ ಬಳಿದು, ಬಾಟಲಿಗೆ ಅಂಟಿಸಿದೆ.

ಭಾನುವಾರ ಬೆಳಿಗ್ಗೆ ಅಪ್ಪ, ಅಮ್ಮ, ಅಜ್ಜಿ ಮೂವರೂ ಗದ್ದೆಯ ಬದುವಿನ ಮೇಲೆ ನಿಂತರು. ಪಂಪು ಒತ್ತಿ ಗಾಳಿ ತುಂಬಿದೆ. ದೂರ ಸರಿದು, ಬಾಟಲಿಯ ಬಾಯಿಯ ಬಿರಡೆಗೆ ಕಟ್ಟಿದ್ದ ದಾರ ಎಳೆದೆ.

ಗೆರೆ ಎಳೆದಂತೆ ಹೋಯಿತು. ಒಂಚೂರೂ ಸುತ್ತಲಿಲ್ಲ. ತೆಂಗಿನ ಮರದ ತುದಿಗಿಂತ ಎಷ್ಟೋ ಮೇಲೆ ಒಂದು ಕ್ಷಣ ನಿಂತಂತಾಗಿ, ಟೊಪ್ಪಿಗೆ ಕಳಚಿ, ಕಪ್ಪು ಬಟ್ಟೆ ಅರಳಿತು. ಅಜ್ಜಿ ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಲೇ ಇದ್ದರು. ಅದು ಅವಸರವಿಲ್ಲದೆ, ಓಲಾಡುತ್ತಾ, ಕೂಳೆಯ ಮೇಲೆ ಇಳಿಯಿತು. ಎತ್ತಿಕೊಳ್ಳಲು ನಾನು ಓಡಿದೆ. ಹಾಗೆ ಓಡಿ ಎಷ್ಟು ವರ್ಷವಾಗಿತ್ತೋ. ರೆಕ್ಕೆಗಳಲ್ಲಿ ಒಂದು ಬಿರುಕೂ ಇರಲಿಲ್ಲ.

ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಬೆರಳಿನಿಂದ ರೆಕ್ಕೆ ತಡವಿದರು.

"ನಮ್ಮ ತಟ್ಟೆನಾ ಇದು?"

"ಹೂಂ."

ಅವರು ಹಿಂದಿನ ಕೋಣೆಗೆ ನಡೆದು, ಅಲ್ಲಿದ್ದ ಭತ್ತದ ಚೀಲವೊಂದರ ತುದಿ ಹಿಡಿದರು. ಇನ್ನೊಂದು ತುದಿ ನಾನು ಹಿಡಿದೆ. ಹೊಸಿಲು ದಾಟಿಸಿ ಹೊರಗೆ ತರುವಾಗ ಕೇಳಿದರು:

"ಇನ್ನೂ ಮೇಲೆ ಹೋಗ್ತದಾ?"

ಹೋಗ್ತದೆ ಅಂದೆ.