ಅವ್ವಿಗೆ ಓದಿ ಹೇಳಿದ ಕಾದಂಬರಿ

ನೌಕರಿ ಬಿಡುವ ಮಾತನ್ನು ಅವ್ವಿಯ ಮುಂದೆ ಎತ್ತುವ ಧೈರ್ಯ ನನಗಿರಲಿಲ್ಲ. ಅದಕ್ಕೇ ಒಂದು ಕಾದಂಬರಿಯನ್ನು ವಕೀಲನನ್ನಾಗಿ ಮಾಡಿಕೊಂಡೆ. ಕುಮಟೆಯ ಆಫೀಸಿನಲ್ಲಿ ನನ್ನದು ಕಾಯಂ ಕುರ್ಚಿ. ಕನಸಿನಲ್ಲಿ ಮಾತ್ರ ಹೊನ್ನಾವರದ ಹೊಳೆ, ನನ್ನದೇ ದೋಣಿ, ಅದರ ತುಂಬ ಉಪ್ಪುನೀರಲ್ಲಿ ಬೇರೂರಿದ ಕಾಂಡ್ಲಾ ಕಾಡು ನೋಡಲು ಬಂದ ಜನ. ಅವ್ವಿಗೆ ಗದ್ದೆಯ ನೀರೆಂದರೆ ಪ್ರೀತಿ. ಹೊಳೆಯ ನೀರೆಂದರೆ ಜೀವ ಬಾಯಿಗೆ ಬರುತ್ತದೆ.

ಕಾದಂಬರಿಯ ನಾಯಕ ಕನಸಿನ ಬೆನ್ನು ಹತ್ತಿ, ಬದುಕಿನ ಅರ್ಥ ಹುಡುಕುತ್ತ ಊರೂರು ದಾಟುತ್ತಾನೆ. ಪುಟಪುಟಕ್ಕೂ ತತ್ವ. ಅವ್ವಿಗೆ ಓದಲು ಬರುವುದಿಲ್ಲ. ಸಂಜೆ ಅವಳು ಹರಿವೆ ಸೊಪ್ಪು ಸೋಸುವಾಗ ನಾನು ಗಟ್ಟಿಯಾಗಿ ಓದುತ್ತಿದ್ದೆ. ಕೇಳಿ ಕೇಳಿ ಮೆತ್ತಗಾಗಲಿ ಎಂಬುದು ನನ್ನ ಹಂಚಿಕೆ.

ಒಂದು ಸಂಗತಿ ಮರೆತಿದ್ದೆ. ನಮ್ಮಲ್ಲಿ ಸಸಿ ನೆಡುವಾಗ ಹಾಡುವ ಪದಗಳಲ್ಲಿ ಒಬ್ಬರು ಎತ್ತಿದ ಸಾಲಿನ ತುದಿ ಹಿಡಿದು ಇನ್ನೊಬ್ಬರು ಹೇಳಬೇಕು. ಹಿಡಿಯದಿದ್ದರೆ ಪದ ಅಲ್ಲಿಗೇ ನಿಲ್ಲುತ್ತದೆ. ಅವ್ವಿ ಕಾದಂಬರಿಯನ್ನೂ ಹಾಗೇ ಕೇಳಿದಳು. ‘ಅವನು ಊರು ಬಿಟ್ಟು ಹೊರಟ’ ಎಂದು ನಾನು ಓದಿದರೆ, ‘ಹೊರಟ, ಗಂಜಿ ಉಂಡೇ ಹೊರಟ’ ಎನ್ನುವಳು. ‘ಬೆಟ್ಟದಲ್ಲಿ ಒಬ್ಬನೇ ಮಲಗಿದ’ ಎಂದರೆ, ‘ಮಲಗಿದ, ಕಂಬಳಿ ಹೊದ್ದು ಮಲಗಿದ.’ ತತ್ವವೆಲ್ಲ ಗಂಜಿಯಲ್ಲಿ ಕರಗಿಹೋಗುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು.

ಅವನು ಹಡಗು ಹತ್ತುವ ಪುಟ ಬಂತು. ‘ಹಿಂತಿರುಗಿ ನೋಡದೆ ಹತ್ತಿದ’ ಎಂದೆ. ಅವ್ವಿ ಸೊಪ್ಪು ಸೋಸುತ್ತಲೇ ಇದ್ದಳು. ಮತ್ತೆ ಓದಿದೆ. ಸಾಲು ಹಿಡಿಯಲಿಲ್ಲ. ನನಗೂ ಮುಂದೆ ಹೋಗಲಾಗಲಿಲ್ಲ. ಅದೇ ಗದ್ದೆಯಲ್ಲಿ ಬೆಳೆದವಳಲ್ಲವೇ ನಾನೂ.

“ಅವ ಅವ್ವಿ ಕೂಡೆ ಹೇಳ್ಲಿಲ್ವಾ?” ಎಂದಳು.

“ಪುಸ್ತಕದಲ್ಲಿ ಇಲ್ಲ ಅವ್ವಿ.”

“ಪುಸ್ತಕ ಬಿಡು ಮಗಾ. ನೀ ಎಂತ ಹೇಳುಕೆ ಕೂತಿದ್ದೆ, ಅದ ಹೇಳು.”

ನೌಕರಿ ಬಿಡುತ್ತೇನೆ, ದೋಣಿ ನಡೆಸುತ್ತೇನೆ ಎಂದೆ. ಅವ್ವಿ ಸೊಪ್ಪು ಪಕ್ಕಕ್ಕಿಟ್ಟಳು.

“ಇಷ್ಟು ಹೇಳುಕೆ ಅಷ್ಟು ದಪ್ಪ ಪುಸ್ತಕ ಬೇಕಾತಾ? ಆತು, ನಡ್ಸು. ನಾ ಮಾತ್ರ ಹತ್ತುದಿಲ್ಲ.”

ಇಂದು ಆ ದೋಣಿ ನನ್ನದೇ, ಚೆನ್ನಾಗಿಯೇ ನಡೆಸುತ್ತೇನೆ. ಕಾದಂಬರಿ ಹೇಳಿದ್ದು ನಿಜ, ಕನಸಿನ ಬೆನ್ನು ಹತ್ತಲೇಬೇಕು. ಆದರೆ ಮೊದಲ ದಿನ ಹಗ್ಗ ಬಿಚ್ಚಲೆಂದು ಎರಡು ಸಲ ಬಗ್ಗಿ, ಎರಡು ಸಲವೂ ಬಿಚ್ಚದೆ ಎದ್ದು ನಿಂತೆ. ಅವ್ವಿ ದಡದಲ್ಲೇ ನಿಂತಿದ್ದಳು. ಧೈರ್ಯಕ್ಕೆಂದು ಗದ್ದೆಯ ಪದದ ಒಂದು ಸಾಲು ಎತ್ತಿದೆ. ದೋಣಿಯಲ್ಲಿದ್ದ ಪರವೂರಿನವರಿಗೆ ಅದು ಗೊತ್ತಿರಲಿಲ್ಲ, ಸಾಲು ಹಾಗೇ ನಿಂತಿತು. ಅವ್ವಿ ನೀರನ್ನು ನೋಡಿದಳು, ನನ್ನನ್ನು ನೋಡಿದಳು. ಸೀರೆ ಎತ್ತಿ ಕಟ್ಟಿ, ಗದ್ದೆಗೆ ಇಳಿಯುವ ಹಾಗೆ ದೋಣಿಗೆ ಇಳಿದು, ನನ್ನ ಪಕ್ಕ ಕೂತು ಸಾಲು ಹಿಡಿದಳು.