ಆರು ಗೂಟಗಳ ನಿಯಮ

ನನ್ನ ಬಳಿ ಕಲಿತ ಸಾಧು ಹುಡುಗನೊಬ್ಬ ದೊಡ್ಡವನಾಗಿ ಕ್ಲಬ್ಬೊಂದರ ಈಜುಕೊಳ ನೋಡಿಕೊಳ್ಳುತ್ತಿದ್ದ. ಅವನ ಮನೆ ನಡೆಯುತ್ತಿದ್ದುದು ಆ ಕೆಲಸದಿಂದಲೇ. ಸೋಂಕು ಹಬ್ಬಿದ ವರ್ಷ ಅವನು ಬಟ್ಟೆ ಬದಲಿಸುವ ಕೋಣೆಯಲ್ಲಿ ಬಟ್ಟೆ ತೂಗುಹಾಕುವ ಆರೇ ಗೂಟಗಳನ್ನು ಉಳಿಸಿ, ಮಿಕ್ಕವನ್ನು ಕಿತ್ತುಹಾಕಿದ. ಗೂಟ ಖಾಲಿಯಿದ್ದರೆ ಮಾತ್ರ ಒಳಗೆ ಪ್ರವೇಶ. ಕೊಳದ ಪಕ್ಕದಲ್ಲಿ ಕುಳಿತು ಮೀಯುವ ಬಿಸಿನೀರಿನ ತೊಟ್ಟಿಯಲ್ಲಿಯೂ ಒಂದು ಸಲಕ್ಕೆ ಒಂದೇ ಮನೆಯವರು.

“ನೀರಿಗೆ ಕ್ಲೋರಿನ್ ಹಾಕಿದೀಯಲ್ಲಪ್ಪ, ಇನ್ನೇನು ಭಯ?” ಎಂದು ಕಾರ್ಯದರ್ಶಿ ರೇಗಿದರು.

“ನೀರಿಗೆ ಹಾಕಿದೀನಿ ಸಾರ್. ನಿಮ್ಮ ಉಸಿರಿಗೆ ಹಾಕಕ್ಕಾಗಲ್ಲ.”

ಮರುದಿನವೇ ಅವನನ್ನು ಕೆಲಸದಿಂದ ತೆಗೆದು, ಅವನ ನಿಯಮವನ್ನೂ ಕೈಬಿಟ್ಟರು. ತಿಂಗಳೊಳಗೆ, ತೊಟ್ಟಿಯಲ್ಲಿ ಒತ್ತೊತ್ತಾಗಿ ಕುಳಿತು ಹರಟಿದ್ದ ಒಂಬತ್ತು ಮಂದಿ ಹಾಸಿಗೆ ಹಿಡಿದರು. ಹಿಂದಿನ ನೌಕರ ನೀರನ್ನು ಶುದ್ಧವಾಗಿಟ್ಟಿರಲಿಲ್ಲವೆಂದು ಕ್ಲಬ್ಬು ಬಾಗಿಲಿಗೆ ನೋಟೀಸು ಹಚ್ಚಿತು. ಆಮೇಲೆ ಊರಿನ ಯಾವ ಈಜುಕೊಳದವರೂ ಅವನನ್ನು ಸೇರಿಸಿಕೊಳ್ಳಲಿಲ್ಲ.