ಮದುವೆಗೆ ಆಗದ ಕೈ

ಆಕೆಯ ಎಡಗಣ್ಣಿನ ಹುಬ್ಬು ಅರ್ಧ ಮಾತ್ರ ಇತ್ತು. ಅಕ್ರಿಲಿಕ್ ತುಂಡಿನ ಅಂಚಿಗೆ ಗ್ಯಾಸಿನ ಬೆಂಕಿ ಹಿಡಿದು ಹೊಳಪು ತರುವಾಗ ಒಮ್ಮೆ ತೀರ ಹತ್ತಿರ ಬಗ್ಗಿದ್ದಳಂತೆ. ಸುಟ್ಟ ಅರ್ಧ ಮತ್ತೆ ಬೆಳೆಯಲೇ ಇಲ್ಲ. ಯಾರಾದರೂ ಅದನ್ನೇ ದಿಟ್ಟಿಸಿದರೆ, "ಏನು, ಇನ್ನರ್ಧ ನಿಮ್ಮನೇಲಿ ಬಿಟ್ಟು ಬಂದಿದ್ದೀನಾ?" ಎಂದು ಕೇಳಿಬಿಡುತ್ತಿದ್ದಳು.

ನಿಮಗೆ ಆಕೆಯ ನೆನಪಿರಲಿಕ್ಕಿಲ್ಲ ಮಕ್ಕಳೇ. ನಾವು ಹೊಸೂರಿನ ಅವಲಪಲ್ಲಿಯಲ್ಲಿ ಬಾಡಿಗೆಗಿದ್ದಾಗ ಪಕ್ಕದ ಮನೆಯಾಕೆ. ಗಂಡ ಕಾರ್ಖಾನೆಗೆ ಹೋಗುತ್ತಿದ್ದ. ಈಕೆ ಮುಂದಿನ ಕೋಣೆಯಲ್ಲಿ ಲೇಸರ್ ಯಂತ್ರ ಇಟ್ಟುಕೊಂಡು, ದಪ್ಪ ಅಕ್ರಿಲಿಕ್ಕಿನ ಮೇಲೆ ದೇವರು, ಹೆಸರು, ತೀರಿಹೋದವರ ಮುಖ ಕೊರೆದು ಕೊಡುತ್ತಿದ್ದಳು. ನಿಮ್ಮ ತಾತ ಹೋಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ನಾನು ಬಾಗಿಲು ಹಾಕಿಕೊಂಡು ಒಳಗೇ ಇರುತ್ತಿದ್ದೆ. ಒಂದು ದಿನ ಕದ ತಟ್ಟಿದಳು.

"ಅಕ್ಕಾ, ಹಿಂಗೆ ಗೋಡೆ ನೋಡ್ಕಂಡು ಕುಂತ್ರೆ ಗೋಡೆ ಏನಾದ್ರೂ ಮಾತಾಡ್ತದಾ? ಎದ್ದು ಬಾ, ನಂಗೆ ಉಜ್ಜೋರು ಬೇಕು."

ಅದು ಕರೆದದ್ದಲ್ಲ, ಗದರಿಸಿದ್ದು. ನಾನು ಹೋದೆ.

ಆಕೆಯ ವಿಷಯ ಬರೆಯಲು ಕೂತರೆ ನನಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. ಅದು ಎಲ್ಲಿಂದ ಬಂತೆಂದು ನಿಮಗೆ ತಿಳಿದಿರಲಿ ಎಂದೇ ಬರೆಯುತ್ತಿದ್ದೇನೆ.

ಬೆರಳು ದಪ್ಪದ ಅಕ್ರಿಲಿಕ್ ಸಲೀಸಾಗಿ ಸಿಗುವ ವಸ್ತುವಲ್ಲ. ಅಂಗಡಿಯವರು ಬಾಗಿಲಗಲದ ಇಡೀ ಹಾಳೆ ತೆಗೆದುಕೊಂಡರೆ ಮಾತ್ರ ಕೊಡುತ್ತಾರೆ. ನಮಗೆ ಬೇಕಾದದ್ದು ಅಂಗೈಯಗಲದ ತುಂಡು. ಅದಕ್ಕೇ ಆಕೆ ಮೊಪೆಡ್ ಹತ್ತಿ ಹೊಸೂರಿನ ಸುತ್ತ ಅಲೆಯುತ್ತಿದ್ದಳು. ಮೀನಿನ ತೊಟ್ಟಿ ಮಾಡುವವರು, ಕಾರ್ಖಾನೆಯ ಯಂತ್ರಗಳಿಗೆ ಕಿಟಕಿ ಕೂರಿಸುವವರು ಕತ್ತರಿಸಿ ಬಿಸಾಡಿದ ಚೂರುಗಳನ್ನು ಗೋಣಿಯಲ್ಲಿ ತುಂಬಿ ತರುತ್ತಿದ್ದಳು. ಎಲ್ಲ ಚೂರೂ ಆಗುವುದಿಲ್ಲ. ಎರಕ ಹೊಯ್ದ ಹಾಳೆಯಾದರೆ ಲೇಸರ್ ಹಾಯ್ದ ಕಡೆ ರಂಗೋಲಿ ಪುಡಿಯಂತೆ ಬೆಳ್ಳಗೆ ಮೂಡುತ್ತದೆ. ಯಂತ್ರದಲ್ಲಿ ಒತ್ತಿ ತೆಗೆದ ಅಗ್ಗದ ಹಾಳೆ ಕರಗಿ ಅಂಟಾಗುತ್ತದೆ. ಅದರ ಮೇಲೆ ಗಣಪತಿಯನ್ನು ಕೊರೆದರೆ ಸೊಂಡಿಲು ಯಾವುದು ಹೊಟ್ಟೆ ಯಾವುದು ಗೊತ್ತಾಗುವುದಿಲ್ಲ.

ಒಂದು ಸಲ ತುಂಡು ಮಾರುವ ಅಂಗಡಿಯೊಂದಕ್ಕೆ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಅಂಗಡಿಯವನು ಕೊಟ್ಟ ತುಂಡನ್ನು ಬಿಸಿಲಿಗೆ ಹಿಡಿದು ಓರೆಮಾಡಿ ನೋಡಿದಳು. ನಡುವೆ ಕೂದಲೆಳೆಯಷ್ಟು ತೆಳ್ಳನೆ ಗೆರೆ. ಎರಡು ತೆಳು ಹಾಳೆ ಅಂಟಿಸಿ ದಪ್ಪ ಹಾಳೆ ಎಂದು ಮಾರಲು ಹೊರಟಿದ್ದ. "ಒಟ್ಟುನದ ಕುಡುಕ್ಕಿರಿಯೇ, ವೆಕ್ಕಮಾ ಇಲ್ಲ?" ಅಂಟಿಸಿದ್ದನ್ನು ಕೊಡ್ತೀಯಲ್ಲ, ನಾಚಿಕೆಯಿಲ್ಲವಾ ಎಂದು ಬೀದಿಗೆಲ್ಲ ಕೇಳುವಂತೆ ತಮಿಳಿನಲ್ಲಿ ಕೂಗಿದಳು. ನಾನು ಸೆರಗು ಎಳೆದುಕೊಂಡು ಮೊಪೆಡ್ಡಿನ ಹಿಂದೆ ಸರಿದೆ.

ಅವನು ಕನ್ನಡಕ್ಕೆ ಬಂದು, "ಯಾಕಮ್ಮಾ ಕೂಗಾಡ್ತೀಯ, ಮೆತ್ತಗೆ ಹೇಳ್ಬಾರ್ದಾ?" ಎಂದ.

"ಮೆತ್ತಗೆ ಹೇಳಿದ್ರೆ ನಾಳೆ ಮೂರು ಹಾಳೆ ಅಂಟಿಸ್ತೀಯ ಕಣಯ್ಯಾ."

ಅಷ್ಟು ದಪ್ಪದ್ದನ್ನು ಲೇಸರಿನಲ್ಲೇ ಕತ್ತರಿಸಿದರೆ ಅಂಚು ಓರೆಯಾಗುತ್ತದೆ. ಮರಗೆಲಸದವರ ಗರಗಸದಲ್ಲಿ ಕುಯ್ಯಿಸಿ ತಂದ ಮೇಲೆ ನನ್ನ ಕೆಲಸ. ಬೆಳಕಿಗಾಗಿ ಬಾಗಿಲ ಬಳಿ ಕೂತು, ಬಕೆಟ್ಟಿನ ನೀರಲ್ಲಿ ಅದ್ದಿ ಅದ್ದಿ ಉಪ್ಪುಕಾಗದದಲ್ಲಿ ಉಜ್ಜುವುದು. ಮೊದಲು ಒರಟು ಕಾಗದ, ಆಮೇಲೆ ನಯ, ಆಮೇಲೆ ಇನ್ನೂ ನಯ. ಗರಗಸದ ಗುರುತು ಹೋಗಿ, ಅಂಚು ಮಂಜು ಕವಿದಂತಾದಾಗ ಆಕೆ ಬೆಂಕಿ ತೋರಿಸುತ್ತಿದ್ದಳು. ಮಂಜು ಸರಿದು ಅಂಚು ನೀರಿನಂತೆ ತಿಳಿಯಾಗುವುದನ್ನು ನೋಡಲು ನಾನು ಉಸಿರು ಬಿಗಿಹಿಡಿದು ಕಾಯುತ್ತಿದ್ದೆ. ಹೀಗೆ ಬೇರೆ ಯಾವುದಕ್ಕೂ ಕಾಯದೆ ಬಹಳ ಕಾಲವಾಗಿತ್ತು.

ಆಗ ಕೃಷ್ಣಗಿರಿಯ ಮಾವಿನ ಮಂಡಿಯವರ ಮನೆಯಿಂದ ಮದುವೆಯ ಕೆಲಸ ಬಂತು. ಬಂದವರಿಗೆ ತಾಂಬೂಲದ ಜೊತೆ ಕೊಡಲು ದೀಪ ಇಡುವ ಪೀಠಗಳು, ತಳದಲ್ಲಿ ಹುಡುಗ ಹುಡುಗಿಯ ಹೆಸರು. ಮುಕ್ಕಾಲು ಪಾಲು ಮುಗಿದಿದ್ದಾಗ ಹುಡುಗನ ತಾಯಿ ನೋಡಲು ಬಂದರು. ಪೀಠ ಕೈಗೆತ್ತಿಕೊಂಡು ಚೆನ್ನಾಗಿದೆ ಎಂದರು. ಆಮೇಲೆ ನನ್ನ ಬೋಳು ಹಣೆ ನೋಡಿದರು. ಪೀಠವನ್ನು ಮೆಲ್ಲಗೆ ಕೆಳಗಿಟ್ಟರು.

"ಈಯಮ್ಮನ ಕೈಲಾ ಉಜ್ಜುಸ್ತಾ ಇರೋದು?"

"ಉಜ್ಜೋದು ಕೈಯಲ್ವಾಮ್ಮಾ, ಹಣೆ ಅಲ್ಲವಲ್ಲ" ಎಂದು ಆಕೆ ನಕ್ಕಳು. ಆಗ ಆಕೆಗಿನ್ನೂ ಸಿಟ್ಟು ಬಂದಿರಲಿಲ್ಲ.

"ಬೇಜಾರು ಮಾಡ್ಕಾಬೇಡಿ. ಶುಭಕಾರ್ಯ, ನಾಳೆ ನಾಲ್ಕು ಜನ ಮಾತಾಡ್ತಾರೆ. ಇದನ್ನ ಬೇರೆಯವ್ರ ಕೈಲಿ ಮಾಡ್ಸಿ. ಹಂಗಂತ ಈಯಮ್ಮನ ಹೊಟ್ಟೆ ಮೇಲೆ ಹೊಡಿಯೋಕೆ ನಂಗಿಷ್ಟ ಇಲ್ಲ. ನಮ್ಮ ಮಾವನೋರ ವರ್ಷದ ತಿಥಿಗೆ ಅವ್ರ ಮುಖ ಕೊರ್ದಿದ್ದು ಒಂದು ಬೇಕು. ಅದನ್ನ ಈಯಮ್ಮನೇ ಮಾಡ್ಲಿ, ಅದಕ್ಕೇನೂ ದೋಷ ಇಲ್ಲ."

ನಾನು ತಲೆಯಾಡಿಸಿದೆ. ದೊಡ್ಡ ಮನಸ್ಸಿನವರು ಎಂದುಕೊಂಡೆ ಕೂಡ.

ಆಕೆ ಯಂತ್ರ ಆರಿಸಿದಳು. ಹೊಗೆ ಎಳೆಯುವ ಫ್ಯಾನಿನ ಸದ್ದು ನಿಂತಿತು.

"ಮದುವೇಗೆ ಆಗದ ಕೈ ತಿಥಿಗೂ ಆಗಲ್ಲ" ಎಂದಳು. "ನಿಮ್ಮನೇಲಿ ಯಾರಾದ್ರೂ ಸತ್ತಾಗ ಮಾತ್ರ ಬೇಕಾ ಇವ್ಳು? ಎದ್ದೋಗಿ. ಎರಡು ಕೆಲ್ಸಾನೂ ಮಾಡಲ್ಲ."

"ಅಯ್ಯೋ, ಒಳ್ಳೇದು ಹೇಳಿದ್ರೆ..."

"ಈ ಒಳ್ಳೇದನ್ನೇ ತಗಂಡೋಗಿ ಅಂತಿರೋದು!"

ಅವರು ಹೋದರು. ಅಷ್ಟು ದೊಡ್ಡ ಕೆಲಸ ಹೋಯಿತು. ನನಗೆ ನಾಲಿಗೆ ಬಂದದ್ದು ಆಗ, ಅದೂ ಆಕೆಯ ಮೇಲೆ. "ನನ್ನ ಒಂದು ಮಾತು ಕೇಳ್ದೆ ಯಾಕೆ ಬೇಡ ಅಂದೆ? ಸಿಕ್ಕಿದ್ದನ್ನಾದ್ರೂ ಮಾಡ್ಕಂತಿದ್ದೆ."

"ನೀನು ತಲೆ ಆಡಿಸಿದ್ಯಲ್ಲ ಅಕ್ಕಾ, ಅದಕ್ಕೇ ನಂಗೆ ಉರ್ದೋಗಿದ್ದು. ಅವ್ರು ಅಂದಿದ್ದಕ್ಕಲ್ಲ." ನನ್ನ ಮುಖಕ್ಕೆ ಮುಖ ತಂದು ಹೇಳಿದಳು. "ನಿನ್ನ ಸಿಟ್ಟನ್ನೂ ನಾನೇ ಮಾಡ್ಬೇಕಾ?"

ಹಾಳೆ ಮತ್ತೆ ಹುಡುಕಿ ತರುವುದು ಕಷ್ಟ. ಪೀಠಗಳನ್ನು ಬೇರೆಯವರಿಗೆ ಕೊಡಬೇಕಾದರೆ ತಳದ ಹೆಸರು ತೆಗೆಯಬೇಕು. ಹಾಗಾಗಿ ಒಂದೊಂದನ್ನೂ ಮಗುಚಿ, ಕೊರೆದ ಆಳದವರೆಗೂ ಒರಟು ಕಾಗದದಲ್ಲಿ ಉಜ್ಜತೊಡಗಿದೆ. ಹುಡುಗನ ಹೆಸರು, ಹುಡುಗಿಯ ಹೆಸರು ಬೆಳ್ಳಗೆ ಕರಗಿ ಬಕೆಟ್ಟಿಗೆ ಇಳಿಯುತ್ತಿತ್ತು. ಮೊದಲ ದಿನ ಕೈ ಮಾತ್ರ ನೋಯುತ್ತಿತ್ತು. ಎರಡನೆಯ ದಿನ, ಆ ಹೆಂಗಸು ಪೀಠವನ್ನು ಎಷ್ಟು ಮೆಲ್ಲಗೆ ಕೆಳಗಿಟ್ಟರು ಎಂಬುದು ಕಣ್ಣ ಮುಂದೆ ಬಂತು. ಚೆನ್ನಾಗಿದೆ ಎಂದದ್ದೂ ಇದೇ ಕೈಯ ಕೆಲಸವನ್ನು. ಎದೆಯೊಳಗೆ ಏನೋ ಕಾವೇರತೊಡಗಿತು. ಅದಕ್ಕೆ ಮುಂಚೆ ನನಗೆ ಸಿಟ್ಟು ಬರುತ್ತಿರಲಿಲ್ಲ ಎಂದಲ್ಲ. ಬಂದದ್ದನ್ನು ನಾನು ನಾಚಿಕೆ ಎಂದು ತಿಳಿದುಕೊಂಡಿದ್ದೆ.

ಆಮೇಲೂ ನಾನು ಬಾಗಿಲ ಬಳಿಯೇ ಕೂತೆ. ಆಕೆ ಸರಿಸಲಿಲ್ಲ. ಕೆಲವರು ನನ್ನನ್ನು ನೋಡಿ ಹಿಂದಿರುಗಿದರು, ಕೆಲವರು ಕೊಂಡರು. ಆದರೆ ಬಾಯಿ ತೆರೆಯುವುದು ಮಾತ್ರ ನನ್ನಿಂದ ಆಗಲಿಲ್ಲ. ಆಕೆ ಇದ್ದಳಲ್ಲ, ಕೂಗಲು.

ಎದೆನೋವು ಬಂದು ಒಂದೇ ಬೆಳಗ್ಗೆ ಹೋಗಿಬಿಟ್ಟಳು. ಕೆಲಸದ ನಡುವೆಯೇ ಎದ್ದು ಆಸ್ಪತ್ರೆಗೆ ಹೋದವಳು ಹಾಗೇ ಹೆಣವಾಗಿ ಮನೆಗೆ ಬಂದಳು. ನಡುಮನೆಯಲ್ಲಿ ಮಲಗಿಸಿ, ಹಸಿರು ಸೀರೆ ಉಡಿಸಿ ಹೂ ಮುಡಿಸಿದ್ದರು. ಬಂದವರೆಲ್ಲ ಮುತ್ತೈದೆ ಸಾವು, ಪುಣ್ಯವಂತೆ ಎಂದು ಹೊಗಳುತ್ತಿದ್ದರು. ಗಂಡ ಬದುಕಿರುವುದೇ ಆಕೆಯ ಸಾಧನೆ ಎಂಬಂತೆ. ಆಕೆಯ ನಾದಿನಿ ಅರಿಶಿನದ ಬಟ್ಟಲು ಹಿಡಿದು ನಿಂತಿದ್ದಳು. ಹೆಂಗಸರು ಒಬ್ಬೊಬ್ಬರಾಗಿ ಆಕೆಯ ಕೈಕಾಲಿಗೆ ಹಚ್ಚುತ್ತಿದ್ದರು. ನಾನು ಹತ್ತಿರ ಹೋದೆ.

"ನೀನು ಆಚೆ ನಿಂತ್ಕ ಕಣಮ್ಮ, ಮುತ್ತೈದೇರ ಶಾಸ್ತ್ರ ಮುಗೀಲಿ. ಆಮೇಲೆ ನೀರುಗೀರು ತಂದಾಕುವಂತೆ" ಎಂದಳು ನಾದಿನಿ.

ಕೃಷ್ಣಗಿರಿಯ ಹೆಂಗಸು ಸಾವಿಗಾದರೂ ನನ್ನ ಕೈ ಆಗುತ್ತದೆ ಎಂದಿದ್ದರು. ಈ ಸಾವಿಗೆ ಅದೂ ಆಗಲಿಲ್ಲ.

ನಾನು ಆಕೆಯ ಕೈ ನೋಡಿದೆ. ಉಗುರಿನ ಸಂದಿನಲ್ಲೆಲ್ಲ ಅಕ್ರಿಲಿಕ್ಕಿನ ಬಿಳಿ ಪುಡಿ ಮೆತ್ತಿಕೊಂಡಿತ್ತು. ಅಷ್ಟು ಜನ ಪುಣ್ಯವಂತೆಯರು ಸೇರಿ, ಕೈಯನ್ನೂ ತೊಳೆಯದೆ ಅದರ ಮೇಲೇ ಅರಿಶಿನ ಬಳಿದಿದ್ದರು.

"ಜರುಗು" ಎಂದೆ.

"ಏನು?"

"ಜರುಗಮ್ಮ ಅಂದೆ."

ದನಿ ಬೀದಿಯವರೆಗೂ ಹೋಗಿರಬೇಕು. ಹೊರಗೆ ನಿಂತಿದ್ದ ಗಂಡಸರು ಬಗ್ಗಿ ನೋಡಿದರು. ನಾದಿನಿ ಬಟ್ಟಲು ಎತ್ತಿಕೊಂಡು ಪಕ್ಕಕ್ಕೆ ಸರಿದಳು. ನಾನು ಒದ್ದೆ ಬಟ್ಟೆ ತಂದು ಆಕೆಯ ಪಕ್ಕ ಕೂತೆ, ಕೈಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ಒಂದೊಂದೇ ಬೆರಳು ಬಿಡಿಸಿ ಉಗುರು ತೊಳೆದೆ. ಶಾಸ್ತ್ರ ತಡವಾಗುತ್ತದೆ ಎಂದು ಯಾರೋ ಗೊಣಗಿದರು. ಎರಡೂ ಕೈ ಮುಗಿಯುವ ತನಕ ನಾನು ಏಳಲಿಲ್ಲ.